ಗಿಲಾವಿಗೆ ಮುಂಚೆ ಒಂದು ಮಾತು

ತಮ್ಮಾ,

ಗೋಡೆ ಎದ್ದವು, ಸ್ಲ್ಯಾಬು ಬಿತ್ತು, ಇನ್ನು ಸ್ವಲ್ಪ ದಿನಕ್ಕೆ ಗೌಂಡಿಗಳು ಗಿಲಾವು ಶುರು ಮಾಡುತ್ತಾರೆ ಎಂದು ವೈನಿ ಫೋನಿನಲ್ಲಿ ಹೇಳಿದರು. ಕೇಳಿ ಹಿಗ್ಗಾಯಿತು. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದರು. ನವಲಗುಂದದ ಹಳೆಯ ಮನೆಯಲ್ಲಿ ನಿನ್ನ ಅಪ್ಪ, ನನ್ನ ಅಣ್ಣ, ಪಡಸಾಲಿಯಿಂದ ಹಿತ್ತಲದವರೆಗೆ ಕೂಡಿಸಿದ್ದ ಆಂಪ್ಲಿಫಾಯರು, ಸ್ಪೀಕರುಗಳನ್ನು ಹೊಸ ಮನೆಗೆ ಒಯ್ಯಬೇಕೋ ಗುಜರಿಗೆ ಹಾಕಬೇಕೋ ಎಂದು ನೀನು ಯೋಚನೆ ಮಾಡುತ್ತಿರುವೆಯಂತೆ. ಒಯ್ಯಿ ಎಂದೇ ನಾನು ಹೇಳುತ್ತೇನೆ. ಆದರೆ ಹೇಗೆ ಒಯ್ಯುವುದು, ಎಲ್ಲಿ ಕೂಡಿಸುವುದು ಎಂಬುದನ್ನು ಗಿಲಾವಿಗೆ ಮುಂಚೆ ಗಟ್ಟಿ ಮಾಡಿಕೋ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಲಘಟಗಿಯಲ್ಲಿ ಮನೆ ಕಟ್ಟಿಸುತ್ತಿರುವ ನಿನ್ನ ತಂಗಿಗೂ ಓದಿ ಹೇಳು. ಅವಳ ಮಾವನವರ ಕಾಲದ ಸ್ಟೀರಿಯೋ ಸೆಟ್ಟು ಅವಳ ಮನೆಯಲ್ಲಿದೆ, ಅವಳಿಗೂ ಇದೇ ಪ್ರಶ್ನೆ ಬರುತ್ತದೆ.

ಎರಡು ಮಾತನ್ನು ನೆನಪಿಟ್ಟರೆ ಉಳಿದದ್ದೆಲ್ಲ ತಾನಾಗಿ ಹೊಂದುತ್ತದೆ. ಗೋಡೆಯ ಒಳಗೆ ಹೋಗುವ ಪೈಪು, ತಂತಿ ನಿನ್ನ ಮಕ್ಕಳ ಕಾಲದವರೆಗೂ ಬಾಳಬೇಕು. ಅಲ್ಲಿ ಕಂಜೂಸತನ ಬೇಡ. ಗೋಡೆಯ ಹೊರಗಿನ ಯಂತ್ರ ಮಾತ್ರ ಯಾವಾಗ ಬೇಕಾದರೂ ಬಿಚ್ಚಿ ಬದಲಾಯಿಸಲು ಬರುವಂತಿರಲಿ. ಇದು ಮೊದಲನೆಯದು. ಒಂದು ಕೋಣೆಯಲ್ಲಿ ದನಿ ಎಷ್ಟಿರಬೇಕು, ಇರಬೇಕೋ ಬೇಡವೋ ಎಂಬುದು ಆ ಕೋಣೆಯಲ್ಲಿ ಕೂತವರ ಕೈಯಲ್ಲಿರಬೇಕು. ಇದು ಎರಡನೆಯದು. ವರ್ಷಾನುಗಟ್ಟಲೆ ರೇಡಿಯೋ, ಆಂಪ್ಲಿಫಾಯರು ರಿಪೇರಿ ಮಾಡಿ ಬದುಕಿದವನು ನಾನು. ಮನೆಯಲ್ಲಿ ಹಾಡು ನಿಂತುಹೋಗುವುದು ಯಂತ್ರ ಕೆಟ್ಟದ್ದರಿಂದ ಅಷ್ಟಾಗಿ ಅಲ್ಲ. ಗೋಡೆಯೊಳಗಿನ ತಂತಿ ಕಡಿದು ಯಾರಿಗೂ ಸಿಗದೇ ಹೋದದ್ದರಿಂದ, ಇಲ್ಲವೇ ಮನೆಯವರಿಗೆ ಅದರ ಗದ್ದಲ ಸಾಕಾಗಿದ್ದರಿಂದ.

ಹಳೆಯ ಸೆಟ್ಟಿಗೆ ಇಷ್ಟು ಯಾಕೆ ಒದ್ದಾಡಬೇಕು ಎಂದು ನೀನು ಕೇಳಬಹುದು. ನಾವಿರುವ ಸೀಮೆಯನ್ನು ನೋಡು. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಬಾಳಿ ಸಂಗೀತದ ಪಾಠ ಹೇಳಿದರು. ಭೀಮಸೇನ ಜೋಶಿಯವರು ಅವರ ಮನೆಯಲ್ಲೇ ಉಳಿದು ಕಲಿತರು, ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಅದೇ ತಾಲೂಕಿನ ಯಲಿವಾಳದಲ್ಲಿ 1917ರಲ್ಲಿ ಬಸವರಾಜ ರಾಜಗುರು ಹುಟ್ಟಿದರು. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಇಂದಿಗೂ ಜನ ಸೇರುತ್ತಾರೆ. ಭೀಮಸೇನರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ. ಅದು 1933ರ ಮಾತು. ಯಂತ್ರದಿಂದ ಬಂದ ದನಿಯೊಂದು ಒಬ್ಬ ಹುಡುಗನ ಬಾಳನ್ನೇ ತಿರುಗಿಸಿದ ಸೀಮೆ ಇದು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಇದೇ ದನಿಗಳು ನಮ್ಮ ಹಳ್ಳಿಗಳ ನಡುಮನೆಗೆ ಬಂದವು. ಅಣ್ಣನ ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲಿ ಅವರೆಲ್ಲ ಇದ್ದಾರೆ. ಆ ಪೆಟ್ಟಿಗೆ ಅಟ್ಟದ ಮೇಲೆ ಸುಮ್ಮನೆ ಕೂಡುವುದು ಬೇಡ. ನಿನ್ನ ಮಕ್ಕಳು ರೊಟ್ಟಿ ತಿನ್ನುತ್ತ, ಅಂಗಳದಲ್ಲಿ ಆಡುತ್ತ ಆ ದನಿಯನ್ನು ಕಿವಿಗೆ ಹಾಕಿಕೊಳ್ಳಲಿ ಎಂಬ ಆಸೆ ನನಗಿದೆ.

ಇನ್ನು ಕೆಲಸದ ಮಾತಿಗೆ ಬರುತ್ತೇನೆ.

ಮೊದಲು ಹಳೆಯ ಮನೆಯಲ್ಲಿ ಬಿಚ್ಚುವ ಕೆಲಸ. ಬಿಚ್ಚುವ ಮುಂಚೆ ಆಂಪ್ಲಿಫಾಯರಿನ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೋ. ಯಾವ ತಂತಿ ಯಾವ ತಿರುಪಿಗೆ ಹೋಗಿದೆ ಎಂಬುದು ಫೋಟೋದಲ್ಲಿ ಕಾಣಬೇಕು. ಪ್ರತಿ ತಂತಿಗೂ ಟೇಪು ಸುತ್ತಿ ‘ಪಡಸಾಲಿ’, ‘ಅಡಿಗೆಮನೆ’ ಎಂದು ಬರೆ, ಸ್ಪೀಕರ್ ಡಬ್ಬಿಯ ಬೆನ್ನಿಗೂ ಅದೇ ಹೆಸರು ಹಾಕು. ಫ್ಯೂಜು ಎಷ್ಟು ಆಂಪಿಯರಿನದು ಎಂದು ಬರೆದಿಟ್ಟುಕೋ. ಬಿರಡೆ, ತಿರುಪುಗಳನ್ನು ಡಬ್ಬಿಗೊಂದು ಚೀಟಿ ಹಚ್ಚಿ ಕಟ್ಟಿಡು. ಗೋಡೆಯ ಹಳೆಯ ತಂತಿಯನ್ನು ಎಳೆದು ತಂದು ಮತ್ತೆ ಹಾಕುವ ಆಸೆ ಬೇಡ. ಅದರ ಮೇಲಿನ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಬಗ್ಗಿಸಿದಲ್ಲಿ ಬಿರಿಯುತ್ತದೆ, ಅಲ್ಲಲ್ಲಿ ಇಲಿ ಕಡಿದಿರುತ್ತದೆ. ಹೊಸ ಗೋಡೆಗೆ ಹೊಸ ತಂತಿಯೇ ಇರಲಿ.

ಬಹಳ ದಿನ ಸುಮ್ಮನೆ ಕೂತ ಆಂಪ್ಲಿಫಾಯರನ್ನು ಒಯ್ದ ಕೂಡಲೇ ಪ್ಲಗ್ಗಿಗೆ ಚುಚ್ಚಬೇಡ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ. ಒಮ್ಮೆಲೇ ಪೂರ್ತಿ ಕರೆಂಟು ಹೋದರೆ ಅವು ಸಿಡಿಯಬಹುದು, ಅವುಗಳ ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಡಬಹುದು. ತಿಳಿದ ಮೆಕ್ಯಾನಿಕ್ಕಿನ ಹತ್ತಿರ ಒಯ್ಯಿ. ಅವನ ಮೇಜಿನ ಮೇಲೆ ಸೀರಿಸ್ ಬೋರ್ಡ್ ಇರುತ್ತದೆ. 60 ಅಥವಾ 100 ವ್ಯಾಟಿನ ಹಳೆಯ ತಂತಿಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡುತ್ತಾನೆ. ಬಲ್ಬು ಒಮ್ಮೆ ಝಗ್ಗೆಂದು ಹತ್ತಿ ಮಂಕಾದರೆ ಒಳಗೆ ಕ್ಷೇಮ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ, ಆದ್ದರಿಂದ ಮುಚ್ಚಳ ತೆಗೆದು ನೀನೇ ಕೈಹಾಕುವುದು ಬೇಡ. ಅವನಿಂದ ಎರಡು ಕೆಲಸ ಮಾಡಿಸು: ಮುಖ್ಯ ಕೆಪಾಸಿಟರುಗಳನ್ನು ಬದಲಾಯಿಸಲಿ, ತಿರುಗಿಸಿದಾಗ ಕರಕರ ಎನ್ನುವ ವಾಲ್ಯೂಮ್ ಬಿರಡೆಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತೊಳೆಯಲಿ. ಕ್ಯಾಸೆಟ್ ಡೆಕ್ಕಿನ ಬೆಲ್ಟು ಸಡಿಲಾಗಿದ್ದರೆ ಹಾಡು ಎಳೆದಂತೆ ಕೇಳುತ್ತದೆ. ಹೊಸ ಬೆಲ್ಟು ಹಾಕಿದರೆ ಸರಿಹೋಗುತ್ತದೆ.

ಸ್ಪೀಕರುಗಳ ಜಾಳಿಗೆ ತೆಗೆದು ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡು. ಬಟ್ಟೆ ಅಥವಾ ಕಾಗದದ ಅಂಚು ದಶಕಗಟ್ಟಲೆ ಬಾಳುತ್ತದೆ. ಫೋಮಿನ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಅಂಥ ಸ್ಪೀಕರಿಗೆ ಅಂಚನ್ನಷ್ಟೇ ಹೊಸದಾಗಿ ಹಚ್ಚಿಸಬಹುದು, ಡಬ್ಬಿ ಎಸೆಯಬೇಕಿಲ್ಲ. ಪ್ಲಸ್ಸು ಯಾವುದು, ಮೈನಸ್ಸು ಯಾವುದು ಎಂದು ಗುರುತು ಅಳಿಸಿದ್ದರೆ ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಸ್ಪೀಕರಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸು. ಕಾಗದದ ಬಟ್ಟಲು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ಸು ಮುಟ್ಟಿದ ತುದಿಯೇ ಸ್ಪೀಕರಿನ ಪ್ಲಸ್ಸು. ಅಲ್ಲಿ ಕೆಂಪು ಟೇಪು ಸುತ್ತು. ಒಂದೇ ಕೋಣೆಯ ಎರಡು ಸ್ಪೀಕರು ಉಲ್ಟಾಪಲ್ಟಾ ಆದರೆ ಒಂದು ಮುಂದೆ ತಳ್ಳಿದಾಗ ಇನ್ನೊಂದು ಹಿಂದೆ ಜಗ್ಗುತ್ತದೆ, ತಬಲಾದ ಬಾಯಾ ದನಿಯೇ ಮಾಯವಾಗುತ್ತದೆ.

ಈಗ ಬಹಳ ಮುಖ್ಯವಾದ ವಿಷಯ. ನಮ್ಮ ಕಡೆ ಮನೆಗಳಲ್ಲಿ ಎರಡು ಬಗೆಯ ಸೆಟ್ಟುಗಳಿವೆ, ಅವನ್ನು ಎಂದೂ ಕಲಸಬಾರದು. ಅಣ್ಣನದು ಅಹುಜಾ ಆಂಪ್ಲಿಫಾಯರು. ಗುಡಿ, ಶಾಲೆಗಳಲ್ಲಿ ಇಡುವ ಜಾತಿಯದು. ಅದರ ಬೆನ್ನಿನಲ್ಲಿ 4, 8, 16 ಓಮ್ ಎಂದು ಬರೆದ ತಿರುಪುಗಳ ಜೊತೆಗೆ 70 ವೋಲ್ಟ್, 100 ವೋಲ್ಟ್ ಎಂದು ಬರೆದ ತಿರುಪುಗಳೂ ಇರುತ್ತವೆ. ಅವನು ಎಲ್ಲ ಕೋಣೆಗೂ 100 ವೋಲ್ಟಿನ ಲೈನು ಎಳೆದಿದ್ದ. ಆದ್ದರಿಂದ ಪ್ರತಿ ಸ್ಪೀಕರಿನ ಬೆನ್ನಿಗೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇದೆ. ಮಲಪ್ರಭಾ ಕಾಲುವೆಯಿಂದ ಹೊಲಹೊಲಕ್ಕೆ ತೂಬು ಇಟ್ಟ ಹಾಗೆ ಈ ಲೆಕ್ಕ: ಪ್ರತಿ ಸ್ಪೀಕರು ತನ್ನ ಟ್ರಾನ್ಸ್‌ಫಾರ್ಮರಿನಲ್ಲಿ ಗೊತ್ತುಮಾಡಿದಷ್ಟೇ ಪಾಲು ತೆಗೆದುಕೊಳ್ಳುತ್ತದೆ, ಎಲ್ಲ ಪಾಲು ಕೂಡಿ ಮೂಲದಲ್ಲಿ ಇದ್ದದ್ದನ್ನು ಮೀರಬಾರದು. ಅಡಿಗೆಮನೆಗೆ 5 ವ್ಯಾಟು, ದೇವರಮನೆಗೆ 5, ಪಡಸಾಲಿಗೆ 10, ಮೇಲಿನ ಕೋಣೆಗೆ 10, ಹಿತ್ತಲದ ಹಾರ್ನಿಗೆ 15 ಎಂದು ಹಿಡಿದರೆ ಒಟ್ಟು 45 ಆಯಿತು. ಆಂಪ್ಲಿಫಾಯರು 60 ವ್ಯಾಟಿನದಾದರೆ ಇದು ನಿರಾಳ. ನೂರಕ್ಕೆ ಎಂಬತ್ತರ ಮೇಲೆ, ಅಂದರೆ 48 ವ್ಯಾಟಿನ ಮೇಲೆ ಏರಿಸಬೇಡ. ಈ ಬಗೆಯಲ್ಲಿ ತಂತಿಯಲ್ಲಿ ಹರಿಯುವ ಕರೆಂಟು ಅರ್ಧ ಆಂಪಿಯರಿಗಿಂತ ಕಡಿಮೆ, ಹೀಗಾಗಿ ದೂರದ ಹಿತ್ತಲಕ್ಕೂ ದನಿ ಸೊರಗದೆ ಹೋಗುತ್ತದೆ. ಆದರೆ ದೊಡ್ಡ ದನಿ ಇಟ್ಟಾಗ ಆ ಲೈನಿನಲ್ಲಿ ನಿಜವಾಗಿಯೂ 100 ವೋಲ್ಟ್ ಇರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಮನೆಯ ಕರೆಂಟಿಗೆ ತೋರಿಸುವ ಭಯವನ್ನೇ ಅದಕ್ಕೂ ತೋರಿಸು, ತಂತಿಯ ಬತ್ತಲೆ ತುದಿ ಎಲ್ಲೂ ಹೊರಗೆ ಕಾಣದಿರಲಿ.

ತಂಗಿಯ ಮನೆಯದು ಇನ್ನೊಂದು ಬಗೆ, ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮಿನ ಸ್ಪೀಕರುಗಳು. ಮಲ್ಟಿಮೀಟರಿನಲ್ಲಿ ಅವು 6ರಿಂದ 7 ಓಮ್ ತೋರಿಸುತ್ತವೆ, ಅದು ಸರಿಯೇ. ಎರಡು ಸ್ಪೀಕರುಗಳನ್ನು ಸಮಾಂತರ ಕಟ್ಟಿದರೆ 4 ಓಮ್, ನಾಲ್ಕನ್ನು ಹಾಗೆಯೇ ಕಟ್ಟಿದರೆ 2 ಓಮ್. ಆಂಪ್ಲಿಫಾಯರಿನ ಬೆನ್ನಿನಲ್ಲಿ ‘ಕನಿಷ್ಠ 4 ಓಮ್’ ಎಂದಿದ್ದರೆ ನಾಲ್ಕು ಸ್ಪೀಕರಿನ ಭಾರಕ್ಕೆ ಅದು ಕಾದು ಸುಡುತ್ತದೆ. ಎರಡೆರಡನ್ನು ಸೀರಿಸ್ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರ ಕಟ್ಟಿದರೆ ಮತ್ತೆ 8 ಓಮೇ ಬರುತ್ತದೆ, ಆಂಪ್ಲಿಫಾಯರು ತಂಪಾಗಿರುತ್ತದೆ. ಒಂದರ ತಂತಿ ಕಡಿದರೆ ಅದರ ಜೋಡಿಯೂ ಸುಮ್ಮನಾಗುತ್ತದೆ ಎಂಬುದನ್ನು ಮಾತ್ರ ತಿಳಿದಿರಬೇಕು. ಅವಳ ಸ್ಪೀಕರನ್ನು ತಂದು ನಿನ್ನ 100 ವೋಲ್ಟಿನ ಲೈನಿಗೆ ಹಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ನಿನ್ನದನ್ನು ಅವಳ ಸೆಟ್ಟಿಗೆ ಹಚ್ಚಿದರೆ ಕಿವಿ ಹಚ್ಚಿ ಕೇಳಬೇಕಾದಷ್ಟು ಸಣ್ಣ ದನಿ ಬರುತ್ತದೆ.

ಅವಳ ಬಗೆಯ ಸೆಟ್ಟಿಗೆ ತಂತಿಯ ದಪ್ಪ ಬಹಳ ಮುಖ್ಯ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ 1 ಕಿಲೋಮೀಟರಿಗೆ ಸುಮಾರು 12 ಓಮ್ ಪ್ರತಿರೋಧ ಇರುತ್ತದೆ. ಸ್ಪೀಕರು 20 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 40 ಮೀಟರ್, ಅಲ್ಲಿಗೆ ಅರ್ಧ ಓಮಿನಷ್ಟು ಆಯಿತು. ಅದು ನಡೆಯುತ್ತದೆ. ಕಾಲಿಂಗ್ ಬೆಲ್ಲಿಗೆ ಹಾಕುವ 0.5ರ ತೆಳು ತಂತಿ ಹಾಕಿದರೆ ಅದೇ ದೂರಕ್ಕೆ ಒಂದೂವರೆ ಓಮಿನ ಹತ್ತಿರ ಹೋಗುತ್ತದೆ, ಆಂಪ್ಲಿಫಾಯರಿನ ಬಲ ತಂತಿಯಲ್ಲೇ ಕರಗುತ್ತದೆ. ನಿನ್ನ 100 ವೋಲ್ಟಿನ ಲೈನಿಗೆ 1 ಚದರ ಮಿಲಿಮೀಟರ್ ಸಾಕು. ಆದರೂ ಒಂದೂವರೆಯದನ್ನೇ ಹಾಕಿಸು. ಮುಂದೆ ನಿನ್ನ ಮಗ 8 ಓಮಿನ ಸೆಟ್ಟು ತಂದರೆ ಗೋಡೆಯ ತಂತಿ ಅದಕ್ಕೂ ಒದಗಬೇಕು. ತಾಮ್ರದ ಬಣ್ಣ ಹಚ್ಚಿದ ಅಲ್ಯೂಮಿನಿಯಂ ತಂತಿಯನ್ನು ಅಗ್ಗಕ್ಕೆ ಕೊಡುತ್ತಾರೆ, ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ ಕೊಳ್ಳು. ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡು.

ಪೈಪಿನ ಮಾತು. ಸ್ಲ್ಯಾಬಿನೊಳಗೆ ವೈರಮನ್ ಲೈಟು, ಫ್ಯಾನಿಗಷ್ಟೇ ಪೈಪು ಬಿಟ್ಟಿದ್ದಾನೆ ಎಂದು ಕೇಳಿದೆ. ಈಗ ದನಿಗಾಗಿ ಸ್ಲ್ಯಾಬು ಕೊರೆಯುವುದು ಬೇಡ, ಕಾಲಂ, ಬೀಮುಗಳನ್ನಂತೂ ಮುಟ್ಟಲೇಬಾರದು. ಗೋಡೆಯಲ್ಲಿ ಮೇಲಿನಿಂದ ಕೆಳಗೆ ನೆಟ್ಟಗೆ ಕೊರೆದು ಪೈಪು ಕೂಡಿಸಲಿ. ಅಡ್ಡ ಕೊರೆತ ಆದಷ್ಟು ಕಡಿಮೆ ಇರಲಿ, ಓರೆ ಕೊರೆತ ಬೇಡವೇ ಬೇಡ. ಅಡ್ಡ ಹೋಗಲೇಬೇಕಾದ ಕಡೆ ಕಿಟಕಿ ಬಾಗಿಲಿನ ಮೇಲಿನ ಲಿಂಟಲ್ಲಿನ ಮೇಲ್ಗಡೆ ಹೊರಗೇ ಪಟ್ಟಿ ಹೊಡೆದು ಒಯ್ದರೆ ಗೋಡೆಗೆ ಪೆಟ್ಟಿಲ್ಲ. ಒಂದು ಇಂಚಿನ ಪೈಪು ಹಾಕಿಸು. ಇವತ್ತು ಒಂದೇ ಜೋಡಿ ತಂತಿ ಹೋಗಬಹುದು, ನಾಳೆ ಇನ್ನೇನಾದರೂ ಹೋಗಬೇಕಾಗುತ್ತದೆ. ಪ್ರತಿ ಪೈಪಿನಲ್ಲೂ ತಂತಿಯ ಜೊತೆಗೆ ಒಂದು ನೈಲಾನ್ ದಾರವನ್ನು ಎಳೆದು ಎರಡೂ ತುದಿಯಲ್ಲಿ ಕಟ್ಟಿಡಲಿ. ಆ ದಾರ ಇದ್ದರೆ ಮುಂದೆ ಯಾರೂ ಗೋಡೆ ಒಡೆಯದೆ ಹೊಸ ತಂತಿ ಎಳೆಯಬಹುದು. ಸ್ಪೀಕರಿನ ಪೈಪು ಕರೆಂಟಿನ ಪೈಪಿನಿಂದ ಒಂದಡಿ ದೂರವಿರಲಿ. ಎದುರು ಬಂದಲ್ಲಿ ಅಡ್ಡ ದಾಟಲಿ, ಜೊತೆಜೊತೆಗೆ ಓಡಬಾರದು. ಓಡಿದರೆ ಸ್ಪೀಕರಿನಲ್ಲಿ ಗುಂಯ್ ಎಂಬ ದನಿ ಬಂದು ಸೇರುವ ಸಂಭವವಿದೆ. ಎರಡನ್ನೂ ಒಂದೇ ಪೈಪಿನಲ್ಲಿ ತುರುಕುವುದಂತೂ ಅಪಾಯದ ಕೆಲಸ, ವೈರಮನ್ ಎಷ್ಟೇ ಹೇಳಿದರೂ ಒಪ್ಪಬೇಡ.

ನಿನ್ನ ಮನೆ ಎರಿ ನೆಲದ ಮೇಲಿದೆ ಎಂಬುದನ್ನು ಮರೆಯಬೇಡ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಎಷ್ಟೇ ಗಟ್ಟಿ ಇದ್ದರೂ ಮನೆಗೆ ತಾಗಿಸಿ ಕಟ್ಟಿದ ಬಚ್ಚಲು, ಕೊಟ್ಟಿಗೆಗಳು ಕೂದಲೆಳೆಯಷ್ಟಾದರೂ ಸರಿಯುತ್ತವೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವಲ್ಲಿ ಬಗ್ಗುವ ಪೈಪು ಹಾಕಿಸು, ತಂತಿಯನ್ನು ಬಿಗಿ ಎಳೆಯದೆ ಒಂದು ಗೇಣು ಹೆಚ್ಚು ಬಿಡು. ಹಿತ್ತಲಕ್ಕೆ ನೆಲದಲ್ಲಿ ಒಯ್ಯುವುದಾದರೆ ಎರಡಡಿ ಆಳದಲ್ಲಿ ಗಟ್ಟಿ ಪೈಪಿನೊಳಗೆ ಒಯ್ಯಿ, ಎರಡೂ ಬಾಯಿಗಳನ್ನು ಹೆಗ್ಗಣ ಹೋಗದಂತೆ ಮುಚ್ಚು.

ಅರ್ಥಿಂಗೂ ಈ ಮಣ್ಣಿನ ಮಾತೇ. ಮಳೆಗಾಲದಲ್ಲಿ ಎರಿ ಚೆನ್ನಾಗಿ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗಿನ ಪೈಪನ್ನೇ ಬಿಟ್ಟು ಸರಿಯುತ್ತದೆ, ಆಗ ಆಂಪ್ಲಿಫಾಯರಿನ ಮೈ ಮುಟ್ಟಿದರೆ ಜುಮ್ಮೆನ್ನಬಹುದು. ಗೋಡೆಯಿಂದ ಐದಡಿ ಆಚೆ ಅರ್ಥಿಂಗ್ ತೆಗೆಸು, ಸುತ್ತ ಇದ್ದಲಿ, ಉಪ್ಪು ತುಂಬಿಸು, ಮೇಲೆ ನೀರು ಹಾಕಲು ಬಾಯಿ ಇಟ್ಟು ಬೇಸಿಗೆಯಲ್ಲಿ ತಪ್ಪದೆ ನೀರು ಹಾಕು. ಸ್ಪೀಕರಿನ ಗುಂಯ್‌ದನಿ ನಿಲ್ಲಲಿ ಎಂದು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಮುರಿಯುವ ಜನರಿದ್ದಾರೆ. ಜೀವದ ಜೊತೆ ಆ ಆಟ ಬೇಡ. ಮೇನ್ ಬೋರ್ಡಿಗೆ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಭರಣಿ, ಕೃತ್ತಿಕಾ ಮಳೆಗಳ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಏರಿಯಲ್ ತಂತಿ ಹೊರಗೆ ಕಟ್ಟಿದ್ದರೆ ಅದನ್ನೂ ತೆಗೆ, ಆದರೆ ಈ ಕೆಲಸವೆಲ್ಲ ಗುಡುಗು ದೂರವಿರುವಾಗಲೇ ಆಗಬೇಕು.

ಆಂಪ್ಲಿಫಾಯರನ್ನು ಪಡಸಾಲಿಯ ಗೋಡೆಯ ಗೂಡಿನಲ್ಲಿಡು, ಸೊಂಟದ ಎತ್ತರಕ್ಕಿರಲಿ. ಬಾಗಿಲು ಹಾಕುವುದಾದರೆ ಜಾಳಿಗೆಯ ಬಾಗಿಲು ಹಾಕಿಸು, ಮೇಲೆ ನಾಲ್ಕು ಬೆರಳಾದರೂ ಗಾಳಿ ಆಡಬೇಕು. ಇನ್ವರ್ಟರ್, ಸ್ಟೆಬಿಲೈಸರ್ ಪಕ್ಕದಲ್ಲಿ ಇಡಬೇಡ, ಅವುಗಳ ಟ್ರಾನ್ಸ್‌ಫಾರ್ಮರಿನ ಗುಂಯ್‌ದನಿ ಇದಕ್ಕೂ ಹತ್ತುತ್ತದೆ. ನಿನಗೆ ವೈರಿ ಧೂಳು: ಕಡಲೆ, ಹೆಸರಿನ ರಾಶಿ ನಡೆಯುವಾಗ ಸೆಟ್ಟಿಗೆ ಬಟ್ಟೆ ಹೊದಿಸು, ಆದರೆ ಸೆಟ್ಟು ಹಾಡುವಾಗ ಹೊದಿಕೆ ಬೇಡ. ತಂಗಿಗೆ ವೈರಿ ತೇವ: ಕಲಘಟಗಿ ಅರೆಮಲೆನಾಡು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿಟ್ಟರೆ ಸ್ಪೀಕರಿನ ಕಾಗದಕ್ಕೆ ಬೂಸಲು ಹಿಡಿಯುತ್ತದೆ, ತಿರುಪುಗಳು ಹಸಿರಾಗುತ್ತವೆ. ದಿನಾ ಸ್ವಲ್ಪ ಹೊತ್ತು ಹಾಡಿಸಿದರೆ ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ ಎಂದು ಅವಳಿಗೆ ಹೇಳು.

ಇನ್ನು ಕೋಣೆಗಳ ಮಾತು. ಸ್ಪೀಕರು ಎಲ್ಲೆಲ್ಲಿ ಬೇಕು ಎಂದು ಒಬ್ಬನೇ ಗೆರೆ ಹಾಕಬೇಡ. ವೈನಿಯನ್ನು ಕೇಳು, ನಿನ್ನ ಹೆಂಡತಿಯನ್ನು ಕೇಳು, ಮಕ್ಕಳನ್ನು ಕೇಳು. ಅಡಿಗೆಮನೆಯಲ್ಲಿ ಒಲೆಯ ಮೇಲೆ ಸ್ಪೀಕರು ಬೇಡ, ಎಣ್ಣೆಯ ಹೊಗೆ ಅದರ ಕಾಗದವನ್ನು ಭಾರ ಮಾಡುತ್ತದೆ. ಎದುರು ಗೋಡೆಗಿರಲಿ. ದೇವರಮನೆಗೆ ಸಣ್ಣ ಸ್ಪೀಕರು, ಸಣ್ಣ ದನಿ. ಮಕ್ಕಳು ಓದುವ ಕೋಣೆಗೂ ವೈನಿ ಮಲಗುವ ಕೋಣೆಗೂ ಪೈಪು, ತಂತಿ ಬಿಡಿಸು, ಸ್ಪೀಕರನ್ನು ಅವರು ಕೇಳಿದಾಗ ಹಾಕಿದರಾಯಿತು. ಸ್ಪೀಕರಿರುವ ಪ್ರತಿ ಕೋಣೆಯ ಬಾಗಿಲ ಹತ್ತಿರ, ಲೈಟಿನ ಸ್ವಿಚ್ಚಿನ ಎತ್ತರದಲ್ಲಿ, ಒಂದು ವಾಲ್ಯೂಮ್ ಬಿರಡೆ ಇರಲೇಬೇಕು. 8 ಓಮಿನ ಸ್ಪೀಕರಿಗೆ ಎಲ್-ಪ್ಯಾಡ್ ಎಂದು ಕೇಳಿ ಕೊಳ್ಳಬೇಕು, 100 ವೋಲ್ಟಿನ ಲೈನಿಗೆ ಅದರದೇ ಟ್ರಾನ್ಸ್‌ಫಾರ್ಮರ್ ಬಗೆಯ ಕಂಟ್ರೋಲ್ ಬೇರೆ ಸಿಗುತ್ತದೆ. ಫ್ಯಾನಿನ ರೆಗ್ಯುಲೇಟರ್ ಹಾಕಿದರೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಹಳೆಯ ಮನೆಯಲ್ಲಿ ಇದ್ದ ಕೊರತೆ ಇದೊಂದೇ: ಪಡಸಾಲಿಯಲ್ಲಿ ಅಣ್ಣ ಏರಿಸಿದರೆ ಇಡೀ ಮನೆಯೇ ಕೇಳಬೇಕಾಗುತ್ತಿತ್ತು. ವೈನಿ ಇಷ್ಟು ವರ್ಷ ತಮ್ಮ ಅಡಿಗೆಮನೆಯಲ್ಲಿ ತಮಗೆ ಬೇಕಾದಷ್ಟೇ ದನಿ ಇಟ್ಟುಕೊಂಡವರಲ್ಲ. ಹೊಸ ಮನೆಯಲ್ಲಿ ಆ ಬಿರಡೆ ಅವರ ಕೈಗೆ ಎಟುಕುವಲ್ಲಿರಲಿ.

ಹಳೆಯ ಸೆಟ್ಟು ಹೊಸ ಮನೆಯಲ್ಲಿ ಮೊದಲ ದಿನ ಹಾಡಿದಾಗ ‘ದನಿ ಕೆಟ್ಟಿದೆ’ ಎಂದು ನಿನಗೆ ಅನ್ನಿಸುತ್ತದೆ. ಗಾಬರಿ ಬೀಳಬೇಡ, ಅದು ಮನೆಯ ಗುಣ. ಮಣ್ಣಿನ ಗೋಡೆ, ಜಂತಿಯ ಮಾಳಿಗೆ, ಮೂಲೆಯಲ್ಲಿ ಪೇರಿಸಿದ ಕಾಳಿನ ಚೀಲ, ಇವೆಲ್ಲ ದನಿಯನ್ನು ಹೀರಿಕೊಳ್ಳುತ್ತಿದ್ದವು. ಸಿಮೆಂಟಿನ ಗೋಡೆ, ಟೈಲ್ಸಿನ ನೆಲ, ಗಾಜಿನ ಕಿಟಕಿ ಅದನ್ನು ತಿರುಗಿ ಒಗೆಯುತ್ತವೆ. ಒಂದು ಸ್ವರ ಮುಗಿಯುವ ಮುಂಚೆ ಹಿಂದಿನದು ಬಂದು ಕಲಸುತ್ತದೆ. ಅಮೆರಿಕದ ಹಾರ್ವರ್ಡಿನಲ್ಲಿ 1895ರಲ್ಲಿ ವ್ಯಾಲೇಸ್ ಸೇಬಿನ್ ಎಂಬ ಪ್ರಾಧ್ಯಾಪಕರಿಗೆ ಒಂದು ಉಪನ್ಯಾಸ ಕೋಣೆಯ ಇದೇ ತೊಂದರೆಯನ್ನು ಬಗೆಹರಿಸಲು ಒಪ್ಪಿಸಿದರು. ಅವರು ಬೇರೆ ಸಭಾಂಗಣದ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು ಕೋಣೆಯಲ್ಲಿ ಹಾಸಿ, ಆರ್ಗನ್ ಕೊಳವೆ ಊದಿಸಿ, ದನಿ ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಗಡಿಯಾರ ಹಿಡಿದು ಅಳೆದರು. ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಪ್ರತಿಧ್ವನಿ ಬೇಗ ಅಡಗುತ್ತದೆ ಎಂಬುದನ್ನು ಲೆಕ್ಕದಲ್ಲಿ ತೋರಿಸಿದರು. ಕಟ್ಟಡಗಳ ಧ್ವನಿಶಾಸ್ತ್ರ ಹುಟ್ಟಿದ್ದು ಅಲ್ಲಿಂದ.

ನಿನಗೆ ಅಂಥ ದಿಂಬುಗಳು ಊರಲ್ಲೇ ಇವೆ. ನವಲಗುಂದದ ಜಮಖಾನಕ್ಕೆ ಸರ್ಕಾರದ ಭೌಗೋಳಿಕ ಸೂಚಕ (ಜಿಐ) ಗುರುತು ಸಿಕ್ಕಿದೆ, ಅದನ್ನು ನೇಯುವವರು ನಮ್ಮ ಊರಿನ ಹೆಣ್ಣುಮಕ್ಕಳು. ಯಂತ್ರದ ಕಾರ್ಪೆಟ್ಟಿನ ಬದಲು ಅವರಿಂದ ಒಂದು ದೊಡ್ಡ ಜಮಖಾನ ಕೊಂಡು ಪಡಸಾಲಿಯಲ್ಲಿ ಹಾಸು. ಅವರ ಮಗ್ಗಕ್ಕೂ ಕೆಲಸವಾಯಿತು, ನಿನ್ನ ಹಾಡಿಗೂ ಹದ ಬಂತು. ತೆಳುವಾದ ಜಮಖಾನ ಮೇಲಿನ ಸ್ವರಗಳ ಕಿರಿಕಿರಿಯನ್ನು ತಗ್ಗಿಸುತ್ತದೆ. ಕೆಳಗಿನ ಸ್ವರಗಳ ಗುಮ್ಮೆನ್ನುವಿಕೆ ತಗ್ಗಬೇಕಾದರೆ ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ಸರಿಸು. ಕಿಟಕಿಗೆ ದಪ್ಪ ಪರದೆ, ಮಂಚದ ಮೇಲೆ ಅವ್ವ ಹೊಲಿದ ಕೌದಿ ಇದ್ದರೆ ಮತ್ತೂ ಒಳ್ಳೆಯದು.

ರೇಡಿಯೋ ಬಗ್ಗೆಯೂ ಇಂಥದೇ ಒಂದು ಮಾತಿದೆ. ಧಾರವಾಡ ಕೇಂದ್ರ 765 ಕಿಲೋಹರ್ಟ್ಸಿನ ಮಧ್ಯಮ ತರಂಗದಲ್ಲಿ ಬರುತ್ತದೆ. ಮಣ್ಣಿನ ಮನೆಯೊಳಗೆ ಆ ತರಂಗ ಸಲೀಸಾಗಿ ಬರುತ್ತಿತ್ತು. ಕಬ್ಬಿಣದ ಸಳಿ ತುಂಬಿದ ಸ್ಲ್ಯಾಬಿನ ಮನೆಯಲ್ಲಿ ಅದು ಸೊರಗುತ್ತದೆ, ಮೇಲಿಂದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳು ಬರ್ರೆಂಬ ಸದ್ದು ಸೇರಿಸುತ್ತವೆ. ರೇಡಿಯೋ ಕೆಟ್ಟಿತು ಎಂದುಕೊಳ್ಳಬೇಡ. ಕಿಟಕಿಯ ಪಕ್ಕ ಇಟ್ಟು, ಪೆಟ್ಟಿಗೆಯನ್ನು ತಿರುಗಿಸಿ ನೋಡು, ಹತ್ತಿರದ ಚಾರ್ಜರ್ ಕೀಳು. ಅಷ್ಟಕ್ಕೂ ಸರಿಹೋಗದಿದ್ದರೆ ಆಕಾಶವಾಣಿಯ ಆ್ಯಪಿನಲ್ಲೂ ಧಾರವಾಡ ಸಿಗುತ್ತದೆ.

ಹಳೆಯ ಆಂಪ್ಲಿಫಾಯರಿಗೆ ಮೊಬೈಲಿನ ಹಾಡು ಬರುವುದಿಲ್ಲ ಎಂಬುದೇ ನಿನ್ನ ದೊಡ್ಡ ತಕರಾರು ಎಂದು ವೈನಿ ಹೇಳಿದರು. ಅದಕ್ಕೆ ಆಂಪ್ಲಿಫಾಯರು ಬದಲಿಸಬೇಕಿಲ್ಲ. ಅಂಗೈಯಷ್ಟು ಬ್ಲೂಟೂತ್ ರಿಸೀವರ್ ತಂದು ಹಿಂದಿನ ಆಕ್ಸ್ ತೂತಿಗೆ ಜೋಡಿಸಿದರೆ ಮುಗಿಯಿತು. ತಂಗಿಯ ಸೆಟ್ಟಿನಲ್ಲಿ ಐದು ಕಡ್ಡಿಯ ಹಳೆಯ ಡಿನ್ ತೂತು ಇದ್ದರೆ ಅದಕ್ಕೆ ತಕ್ಕ ತಂತಿಯನ್ನು ಮೆಕ್ಯಾನಿಕ್ಕೇ ಮಾಡಿಕೊಡುತ್ತಾನೆ. ಇವತ್ತಿನ ಹೊಸ ಸೆಟ್ಟುಗಳು ಆ್ಯಪಿನಿಂದ ನಡೆಯುತ್ತವೆ, ಚೆನ್ನಾಗಿಯೂ ಇವೆ. ಆದರೆ ಇದನ್ನೂ ತಿಳಿದಿರು: ಕೋಣೆಕೋಣೆಗೆ ವೈಫೈ ಮೂಲಕ ಹಾಡು ಕೊಡುವ ಸೆಟ್ಟುಗಳಿಗೆ ಹೆಸರಾದ ಸೋನೋಸ್ ಕಂಪನಿ 2020ರಲ್ಲಿ ತನ್ನ ಕೆಲವು ಹಳೆಯ ಮಾದರಿಗಳಿಗೆ ಹೊಸ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿತು. ಅವು ಹಳೆಯ ಆ್ಯಪಿನಲ್ಲಿ ನಡೆಯುತ್ತವೆ, ಹೊಸ ಆ್ಯಪಿಗೆ ಸೇರುವುದಿಲ್ಲ. ಸ್ಪೀಕರು ಗಟ್ಟಿಯಾಗಿದ್ದರೂ ಅದರ ಆಯುಷ್ಯವನ್ನು ದೂರದಲ್ಲಿ ಕೂತವರು ನಿರ್ಧರಿಸಿದಂತಾಯಿತು. ತಾಮ್ರದ ಎರಡು ತಂತಿಗೆ ಯಾರ ಅಪ್ಪಣೆಯೂ ಬೇಡ. ಆದ್ದರಿಂದ ಹಾಡು ಬರುವ ಮೂಲ ಎಷ್ಟು ಬೇಕಾದರೂ ಬದಲಾಗಲಿ, ಕೋಣೆಗೆ ಹೋಗುವ ದಾರಿ ತಂತಿಯದೇ ಇರಲಿ.

ನೆರೆಹೊರೆಯ ಮಾತೂ ಒಂದಿದೆ. ಹಿತ್ತಲದ ಹಾರ್ನು ದನಗಳಿಗೆ ಹುಲ್ಲು ಹಾಕುವಾಗ ಕೇಳಲು ಇರಲಿ, ಓಣಿಗೆಲ್ಲ ಕೇಳಿಸಲು ಬೇಡ. ಅದರ ಬಾಯನ್ನು ನಿನ್ನ ಗೋಡೆಯ ಕಡೆಗೆ, ನೆಲಕ್ಕೆ ತುಸು ಬಾಗಿಸಿ ಕೂಡಿಸು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇನ್ನೊಬ್ಬರ ನಿದ್ದೆಯ ಹೊತ್ತು. ಕಾನೂನಿಗಿಂತ ಮೊದಲು ನೆರೆಯವರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ ಎಂಬುದು ನಿನ್ನ ಮನಸ್ಸಿನಲ್ಲಿರಲಿ.

ಈ ವಾರ ನೀನು ಮಾಡಬೇಕಾದದ್ದು ಇಷ್ಟು. ಮನೆಮಂದಿಯೆಲ್ಲ ಕೂತು ಯಾವ ಕೋಣೆಗೆ ದನಿ ಬೇಕು ಎಂದು ಗೊತ್ತು ಮಾಡಿಕೊಳ್ಳಿರಿ. ಸೀಮೆಸುಣ್ಣ ಹಿಡಿದು ಇಟ್ಟಂಗಿಯ ಮೇಲೇ ಸ್ಪೀಕರಿನ ಜಾಗ, ಬಿರಡೆಯ ಜಾಗ, ಪೈಪಿನ ದಾರಿ ಗುರುತು ಹಾಕು. ವೈರಮನ್, ಗೌಂಡಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ತೋರಿಸು. ಪೈಪು ಕೂಡಿಸಿದ ಮೇಲೆ, ಗಿಲಾವು ಹತ್ತುವ ಮುಂಚೆ, ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಫೋಟೋ ತೆಗೆ. ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂಬುದು ಅದರಲ್ಲಿ ಕಾಣಬೇಕು. ಮೊಬೈಲು ಕಳೆಯುತ್ತದೆ, ಕೆಡುತ್ತದೆ. ಅದೇ ಅಳತೆಗಳನ್ನು ಒಂದು ದಪ್ಪ ಹಾಳೆಯ ಮೇಲೆ ನಕ್ಷೆ ಬರೆದು, ತಂತಿಯ ದಪ್ಪ, ಪ್ರತಿ ಸ್ಪೀಕರಿನ ವ್ಯಾಟು, ಫ್ಯೂಜಿನ ಅಳತೆ ಎಲ್ಲವನ್ನೂ ಸೇರಿಸಿ ಮನೆಯ ಕಾಗದಪತ್ರಗಳ ಜೊತೆ ಇಡು. ಇನ್ನು ಇಪ್ಪತ್ತು ವರ್ಷಕ್ಕೆ ಆ ಗೋಡೆಗೆ ಮೊಳೆ ಹೊಡೆಯುವವರು ನಿನ್ನ ಮಕ್ಕಳಾಗಿರುತ್ತಾರೆ. ಮೊಳೆ ಎಲ್ಲಿ ಹೊಡೆಯಬಾರದು, ತಂತಿ ಎಲ್ಲಿ ಹುಡುಕಬೇಕು ಎಂದು ಅವರಿಗೆ ಆ ಹಾಳೆ ಹೇಳಬೇಕು. ವೈರಮನ್ ಬರುವ ದಿನ ನನಗೆ ಹೇಳಿ ಕಳಿಸು, ಆಂಪ್ಲಿಫಾಯರಿನ ಲೆಕ್ಕವನ್ನು ಅವನ ಎದುರೇ ಕೂತು ಹಾಕೋಣ.

ನಿನ್ನ ಕಾಕಾ